ಪಾರಾಯಣಕ್ಕೆ ಕೂರಲು ಆಗದವರು ಏನು ಮಾಡಬೇಕು?

ಹೂಬುಟ್ಟಿ · ಮೈಸೂರು

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಓದುವವಳೇ ಹೊರತು ಬರೆಯುವವಳಲ್ಲ. ಈ ಸಲ ಕೇಳದೆ ವಿಧಿಯಿಲ್ಲ ಅನ್ನಿಸ್ತು.

ನಮ್ಮದು ಮಾಧ್ವರ ಮನೆ. ನನಗೆ ಬ್ಯಾಂಕಿನಲ್ಲಿ ಕೆಲಸ. ಬಡಾವಣೆಯ ಭಜನಾ ಮಂಡಳಿಯಲ್ಲಿ ಜಗನ್ನಾಥದಾಸರ ಹರಿಕಥಾಮೃತಸಾರ ಕಲಿತಿದ್ದೆ. ಬೆಳಿಗ್ಗೆ ಸ್ನಾನ ಮಾಡಿ, ಮಡಿಯುಟ್ಟು, ಅದರ ಒಂದು ಸಂಧಿ (ಅಧ್ಯಾಯ) ಹೇಳಿಕೊಂಡ ಮೇಲೇ ಒಲೆ ಹಚ್ಚೋದು ರೂಢಿ. ಅತ್ತೆಯವರಿಗೆ ಲಕ್ವ ಹೊಡೆದು ಹಾಸಿಗೆ ಹಿಡಿದ ಮೇಲೆ ಅದೆಲ್ಲ ತಪ್ಪಿತು. ಈಗ ಎದ್ದ ಕೂಡಲೇ ಅವರ ಬಟ್ಟೆ ಬದಲಿಸೋದು, ಮೈ ಒರೆಸೋದು, ಮಾತ್ರೆ, ಗಂಜಿ. ಅಷ್ಟರಲ್ಲಿ ಮಗಳ ಸ್ಕೂಲ್ ವ್ಯಾನ್. ನೋಡಿಕೊಳ್ಳೋ ಹೆಂಗಸು ಬಂದರೆ ಬ್ಯಾಂಕಿಗೆ ಓಟ, ಬರದಿದ್ದರೆ ರಜೆ. ರಾತ್ರಿ ಪುಸ್ತಕ ತೆಗೆದರೆ ಎರಡನೇ ಪದ್ಯಕ್ಕೆ ಕಣ್ಣು ಮುಚ್ಚಿಹೋಗುತ್ತೆ.

ಮಂಡಳಿಯ ಹಿರಿಯರೊಬ್ಬರು ಫೋನಿನಲ್ಲಿ "ಹಿಡಿದ ನೇಮ ಬಿಡಬಾರದಮ್ಮ, ದೋಷ" ಅಂದರು. ಇನ್ನೊಬ್ಬರು "ಅತ್ತೆಯ ಸೇವೆಯೇ ನಿನ್ನ ಪಾರಾಯಣ, ಸುಮ್ಮನಿರು" ಅಂದರು. ಎರಡೂ ಗಂಟಲಲ್ಲಿ ಇಳೀಲಿಲ್ಲ. ಮೊದಲನೆಯದಕ್ಕೆ ಭಯ ಆಯ್ತು, ಎರಡನೆಯದಕ್ಕೆ ಸಿಟ್ಟು ಬಂತು. ಒಳಗೆ ಸಿಡುಕು ಇಟ್ಟುಕೊಂಡೇ ಮಾಡ್ತಿರೋ ಕೆಲಸ ಅದು. ಅದಕ್ಕೆ ಪಾರಾಯಣ ಅಂತ ಹೆಸರಿಟ್ಟರೆ ದೇವರಿಗೇ ಮೋಸ ಮಾಡಿದ ಹಾಗಲ್ವಾ?

ಇನ್ನೊಂದು ವಿಷಯ. ಮಲಮೂತ್ರದ ಬಟ್ಟೆ ಮುಟ್ಟಿ, ಸ್ನಾನಕ್ಕೂ ಪುರುಸೊತ್ತಿಲ್ಲದಾಗ ಬಾಯಲ್ಲಿ ಸಂಧಿ ಹೇಳಿಕೊಳ್ಳಬಹುದಾ? ತಿಳಿದವರು ಹೇಳಿ.

ತುಂಗಭದ್ರಾ ದಂಡಿ · ರಾಯಚೂರು

ತಂಗಿ, ಕಡೀ ಪ್ರಶ್ನಾದಿಂದ ಸುರು ಮಾಡ್ತೀನಿ, ಅದು ಸಸಾರ ಅದ.

ದೇವರ ಪೂಜಿಗೆ ಮಡಿ ಅದ, ನೈವೇದ್ಯದ ಅಡಿಗಿಗೆ ಮಡಿ ಅದ. ನಾಮಸ್ಮರಣಿಗೆ ಆ ಕಟ್ಟು ಇಲ್ಲ. ಪುರಂದರದಾಸರು "ಮಡಿ ಮಡಿ ಮಡಿಯೆಂದು ಅಡಿಗಡಿಗೆ ಹಾರುವೆ, ಮಡಿ ಮಾಡುವ ಬಗೆ ಬೇರುಂಟು" ಅಂತ ಒಂದು ಪದಾನೇ ಹಾಡ್ಯಾರ. ಬಟ್ಟಿ ನೀರಾಗ ಅದ್ದಿ ಒಣಗಿಸಿ ಉಟ್ಕೊಂಡ್ರ ಅದು ಮಡಿ ಅಲ್ಲ, ಹೊಟ್ಟಿಯೊಳಗಿನ ಕಾಮ ಕ್ರೋಧ ಬಿಟ್ರ ಅದು ಮಡಿ ಅಂತ ಅದರ ಅರ್ಥ. ಮಡಿಯೊಳಗ ಹುಟ್ಟಿ ಬೆಳೆದ ಮಂದಿಗೇ ಹೇಳಿದ ಮಾತಿದು, ಹೊರಗಿನವರಿಗಲ್ಲ.

ಇನ್ನ ನೀವು ಕಲಿತ ಗ್ರಂಥ. ಜಗನ್ನಾಥದಾಸರು ನಮ್ಮ ಮಾನ್ವಿಯವರು. ಇವತ್ತಿಗೂ ಅಲ್ಲಿ ಅವರ ಸಾನ್ನಿಧ್ಯ ಅದ ಅಂತ ನಂಬೋ ಕಂಬಕ್ಕ ಪೂಜಿ ನಡೀತದ. ದೊಡ್ಡ ಸಂಸ್ಕೃತ ಪಂಡಿತರು. ಮೊದಲು ಕನ್ನಡದ ಪದಗಳಂದ್ರ ಅವರಿಗೆ ತಾತ್ಸಾರ ಇತ್ತಂತ, ಹಿರಿಯ ದಾಸರಾದ ವಿಜಯದಾಸರನ್ನ ಹಗುರಾಗಿ ಕಂಡ್ರಂತ, ಹೊಟ್ಟಿಶೂಲಿ ಬಂದು ಕಂಗಾಲಾದಾಗ ವಿಜಯದಾಸರ ಶಿಷ್ಯ ಗೋಪಾಲದಾಸರು ತಮ್ಮ ಆಯುಷ್ಯದಾಗ ನಲವತ್ತು ವರ್ಷ ಧಾರಿ ಎರೆದು ಬದುಕಿಸಿದ್ರಂತ. ಇದು ಪರಂಪರಿಯೊಳಗ ಹೇಳಿಕೋತ ಬಂದ ಕಥಿ. ಹಂಗ ಬದುಕಿದ ಮನಷ್ಯಾ ಆಮ್ಯಾಲ ಭಾಮಿನೀ ಷಟ್ಪದಿಯೊಳಗ 32 ಸಂಧಿ ಬರೆದ್ರು. ಟೀಕಾ ಟಿಪ್ಪಣಿ ಹಚ್ಚಿಕೊಂಡು ಪಾಠಕ್ಕ ಕೂಡಲಿಕ್ಕೆ ಆಗದವರ ಬಾಯಿಗೆ ಶಾಸ್ತ್ರ ಸಿಗ್ಲಿ ಅಂತ.

ಕರುಣಾ ಸಂಧಿ ನಿಮಗ ಬಾಯಿಪಾಠ ಇರಬೇಕು. ಈ ಪದ್ಯ ನೆನಪು ಮಾಡ್ಕೋರಿ:

"ಮಲಗಿ ಪರಮಾದರದಿ ಪಾಡಲು ಕುಳಿತು ಕೇಳುವ, ಕುಳಿತು ಪಾಡಲು ನಿಲುವ, ನಿಂತರೆ ನಲಿವ, ನಲಿದರೆ ಒಲಿವೆ ನಿಮಗೆಂಬ..."

ದಾಸರು ಎಲ್ಲಿಂದ ಸುರು ಮಾಡ್ಯಾರ ನೋಡ್ರಿ. ಮಲಗಿದವನಿಂದ! ಕೂತು, ಸಂಧ್ಯಾವಂದನಿ ಮುಗಿಸಿ, ಪುಸ್ತಕ ವ್ಯಾಸಪೀಠದ ಮ್ಯಾಲಿಟ್ಟವರಿಂದ ಅಲ್ಲ. ನೀವು ಬಿದ್ದುಕೊಂಡು ಹಾಡಿದ್ರ ಅವ ಎದ್ದು ಕೂತು ಕೇಳ್ತಾನ. ನಿಮ್ಮ ಎರಡನೇ ಪದ್ಯಕ್ಕ ಕಣ್ಣು ಮುಚ್ಚತಾವು ಅಂದ್ರಲ್ಲ, ಮುಚ್ಚಲಿ ಬಿಡ್ರಿ.

ಆ "ಪರಮಾದರದಿ" ಅನ್ನೋದು ಮಾತ್ರ ಬಿಡಲಿಕ್ಕೆ ಬರಂಗಿಲ್ಲ.

ತಾಳತಂಬೂರಿ · ಮೈಸೂರು

ರಾಯಚೂರಿನ ಹಿರಿಯರು ಹೇಳಿದ್ದು ಸರಿ. ಆದರೂ ಮಂಡಳಿ ನಡೆಸೋನಾಗಿ ಒಂದು ಮಾತು. (ಹೂಬುಟ್ಟಿಯವರಿಗೆ ಫೋನ್ ಮಾಡಿದ ಹಿರಿಯರು ನಾನಲ್ಲ, ನಮ್ಮದು ಬೇರೆ ಮಂಡಳಿ!)

"ಎಲ್ಲೆಂದರಲ್ಲಿ, ಯಾವಾಗ ಬೇಕಾದರೂ" ಅಂದರೆ ಕೊನೆಗೆ ಎಲ್ಲೂ ಇಲ್ಲ, ಯಾವಾಗಲೂ ಇಲ್ಲ ಅಂತಾಗೋದನ್ನ ಬೇಕಾದಷ್ಟು ಕಂಡಿದ್ದೇನೆ. ನಿವೃತ್ತಿ ಆದ ಮೇಲೆ ಬರ್ತೀನಿ ಅಂದವರು ನಿವೃತ್ತಿ ಆದ ಮೇಲೂ ಬರಲಿಲ್ಲ. ನೇಮ ಅಂದರೆ ದೇವರಿಗೆ ಕಟ್ಟೋ ಕಂದಾಯವಲ್ಲ, ಒಪ್ಪಿದೆ, ದೋಷ ಗೀಷ ಅಂತ ಹೆದರಿಸೋದೂ ಬೇಡ. ಆದರೆ ಮನಸ್ಸಿಗೆ ಒಂದು ಗೂಟ ಬೇಕು. ಗೀತೆಯಲ್ಲಿ ಅರ್ಜುನ ಮನಸ್ಸು ಗಾಳಿಯ ಹಾಗೆ, ಹಿಡಿಯೋಕಾಗಲ್ಲ ಅಂದಾಗ ಕೃಷ್ಣ ಕೊಟ್ಟ ಉತ್ತರ ಅಭ್ಯಾಸ ಮತ್ತು ವೈರಾಗ್ಯ. ಅಭ್ಯಾಸ ಮೊದಲು.

ಸಂಧಿ ಆಗದಿದ್ದರೆ ಬೇಡ. ಒಂದು ಪದ್ಯ. ಗ್ಯಾಸ್ ಹಚ್ಚೋ ಮೊದಲು, ಒಂದೇ ಪದ್ಯ, ಅದೇ ಜಾಗದಲ್ಲಿ ನಿಂತು. ಕೂರೋದೂ ಬೇಡ. ನಮ್ಮಲ್ಲಿ ಆಟೋ ಓಡಿಸೋರು ಒಬ್ಬರಿದ್ದಾರೆ, ಬೆಳಿಗ್ಗೆ ಗಾಡಿಗೆ ಹೂ ಇಟ್ಟು, ಮೀಟರ್ ಮುಟ್ಟೋ ಮುಂಚೆ "ಶರಣು ಸಿದ್ಧಿವಿನಾಯಕ" ಪೂರ್ತಿ ಹೇಳ್ತಾರೆ. ಗಿರಾಕಿ ಕೂತಿದ್ದರೂ ಮುಗಿಸೇ ಕಿಕ್ ಹೊಡೆಯೋದು. ಬೈಸಿಕೊಂಡಿದ್ದೂ ಉಂಟು.

ಖಾರಪುಡಿ · ದಾವಣಗೆರೆ

ಗಿರಾಕಿ ಬೈದಿದ್ದು ಸರಿ ಇದೆ 😄

ಹೂಬುಟ್ಟಿ ಅಕ್ಕ, ನಿಮಗೆ ಎರಡನೇ ಮಾತಿಗೆ ಸಿಟ್ಟು ಬಂತಲ್ಲ, ಆ ಸಿಟ್ಟನ್ನ ಬಿಡಬೇಡಿ. ಅದರಲ್ಲಿ ಏನೋ ಇದೆ. ಯಾಕೆ ಬಂತು ಅಂತ ಇಲ್ಲಿ ಯಾರೂ ಕೇಳಿಲ್ಲ.

ಕಡಲಕರೆ · ಉಡುಪಿ

ಸೇವೆಯೂ ಭಜನೆಯೂ ಬೇರೆ ಬೇರೆ ಅಲ್ಲ ಅಂತ ನಮ್ಮ ಪುರಾಣಗಳೇ ಹೇಳ್ತವೆ ಮಾರಾಯ್ರೇ. ಸುಮಾರು ದಾಸರ ಅಂಕಿತದಲ್ಲಿ (ಪದದ ಕೊನೆಗೆ ಇಡುವ ಗುರುತಿನ ಹೆಸರಲ್ಲಿ) ಬರುವ ವಿಠಲ ಇಟ್ಟಿಗೆಯ ಮೇಲೆ ನಿಂತದ್ದು ಯಾಕೆ? ಪುಂಡಲೀಕ ತಂದೆತಾಯಿಯ ಕಾಲು ಒತ್ತುತ್ತಾ ಇದ್ದ. ಕೃಷ್ಣ ಬಂದು ಬಾಗಿಲಲ್ಲಿ ನಿಂತ. ಪುಂಡಲೀಕ ತಿರುಗಿ ಸಹ ನೋಡ್ಲಿಲ್ಲ, ಒಂದು ಇಟ್ಟಿಗೆ ಎಸೆದು "ಅದರ ಮೇಲೆ ನಿಂತಿರು, ಇದು ಮುಗಿಸಿ ಬರ್ತೇನೆ" ಅಂದ. ಪಂಢರಾಪುರದಲ್ಲಿ ದೇವರು ಇವತ್ತಿಗೂ ಸೊಂಟಕ್ಕೆ ಕೈ ಇಟ್ಟು ಕಾಯ್ತಾ ಉಂಟು.

ಮಹಾಭಾರತದ ವನಪರ್ವದಲ್ಲಿ ಧರ್ಮವ್ಯಾಧನ ಕಥೆಯೂ ಉಂಟು. ಕೌಶಿಕ ಅಂತ ಒಬ್ಬ ತಪಸ್ವಿ, ತಲೆ ಮೇಲೆ ಹಿಕ್ಕೆ ಹಾಕಿದ ಕೊಕ್ಕರೆಯನ್ನು ಬರೀ ನೋಟದಲ್ಲಿ ಸುಟ್ಟವ. ಭಿಕ್ಷೆಗೆ ಹೋದಲ್ಲಿ ಮನೆಯ ಹೆಂಗಸು ಗಂಡನಿಗೆ ಬಡಿಸುತ್ತಾ ಇದ್ದವಳು ತಡ ಮಾಡಿದಳು. ಇವನು ಕಣ್ಣು ಕೆಂಪು ಮಾಡಿದ. "ನಾನು ಕೊಕ್ಕರೆ ಅಲ್ಲ ಸ್ವಾಮೀ" ಅಂದಳು. ಧರ್ಮ ಕಲಿಯಬೇಕಾದ್ರೆ ಮಿಥಿಲೆಗೆ ಹೋಗು ಅಂತ ಕಳಿಸಿದಳು. ಅಲ್ಲಿ ನೋಡಿದ್ರೆ ಮಾಂಸದ ಅಂಗಡಿ ಇಟ್ಟವ, ಮನೆಯಲ್ಲಿ ಮುದಿ ತಂದೆತಾಯಿಯ ಚಾಕರಿ ಮಾಡುವವ. ಅವನೇ ಗುರು!

ಹಾಗಾಗಿ ಹೂಬುಟ್ಟಿಯವರು ಬೇಜಾರು ಮಾಡ್ಬೇಡಿ. ನೀವು ಪುಂಡಲೀಕನ ಕೆಲಸವೇ ಮಾಡ್ತಾ ಇದ್ದೀರಿ.

ಖಾರಪುಡಿ · ದಾವಣಗೆರೆ

ಇದೇ, ಇದೇ ನನಗೆ ಬೇಕಾಗಿದ್ದು. ಥ್ಯಾಂಕ್ಸ್ ಕಡಲಕರೆ ಅಣ್ಣ.

ಪುಂಡಲೀಕ ಯಾರು? ಮಗ. ಧರ್ಮವ್ಯಾಧ ಯಾರು? ಮಗ. ಶ್ರವಣಕುಮಾರ? ಮಗ. ಕಾವಡಿ ಹೊತ್ತಿದ್ದು ಅವನ ಹೆಂಡತಿ ಅಲ್ಲ. ತಂದೆತಾಯಿಯ ಸೇವೆಗೆ ನಮ್ಮ ಪುರಾಣದಲ್ಲಿ ಯಾವ ಕಥೆ ತೆಗೆದರೂ ಕಾಲು ಒತ್ತೋನು ಹೆತ್ತ ಮಗ. ಅದೇ ಕಥೆ ನಮ್ಮ ಮನೆ ನಡುಮನೆಗೆ ಬರೋ ಹೊತ್ತಿಗೆ ಒತ್ತೋ ಕೈ ಸೊಸೆಯದಾಗುತ್ತೆ, ಪುಣ್ಯದ ಮಾತಾಡೋ ಬಾಯಿ ಮಿಕ್ಕವರದಾಗುತ್ತೆ.

ಅಕ್ಕ ಬರೆದಿರೋ ಬೆಳಗಿನ ಪಟ್ಟಿ ಮತ್ತೊಮ್ಮೆ ಓದಿ. ಬಟ್ಟೆ ಬದಲಿಸೋದು, ಮೈ ಒರೆಸೋದು, ಮಾತ್ರೆ, ಗಂಜಿ, ವ್ಯಾನ್. ಅದರಲ್ಲಿ ಗಂಡಸು ಎಲ್ಲಿದ್ದಾನೆ? ಇಷ್ಟು ಜನ ಭಕ್ತರು ಉತ್ತರ ಕೊಟ್ಟಿರಿ, ಒಬ್ಬರಿಗೂ ಆ ಪ್ರಶ್ನೆ ಬರಲಿಲ್ಲ. ಸೇವೆಯೇ ಪೂಜೆ ಅನ್ನೋದು ದೊಡ್ಡ ಮಾತೇ, ನನಗೂ ಒಪ್ಪಿಗೆ. ಆದರೆ ಅದನ್ನ ಸೇವೆ ಮಾಡೋನು ತನಗೆ ತಾನು ಹೇಳಿಕೊಂಡರೆ ಭಕ್ತಿ. ಪಕ್ಕದಲ್ಲಿ ಕಾಲು ಚಾಚಿ ಪೇಪರ್ ಓದೋನು ಹೇಳಿದರೆ ಅದು ಚಾಕರಿ ತಪ್ಪಿಸಿಕೊಳ್ಳೋ ಉಪಾಯ.

ತಾಳತಂಬೂರಿ · ಮೈಸೂರು

ಅವರ ಯಜಮಾನರ ವಿಷಯ ನಮಗೆ ಗೊತ್ತಿಲ್ಲ. ಗೊತ್ತಿಲ್ಲದವರ ಬಗ್ಗೆ ಹೀಗೆ ಬರೆಯೋದು ಸರಿಯಲ್ಲ ಅಂತ ನನ್ನ ಅಭಿಪ್ರಾಯ. ಎಲ್ಲೋ ದೂರದ ಊರಲ್ಲಿ ಕೆಲಸದಲ್ಲಿರಬಹುದು, ಅವರಿಗೇ ಆರೋಗ್ಯ ಸರಿ ಇಲ್ಲದಿರಬಹುದು.

ಖಾರಪುಡಿ · ದಾವಣಗೆರೆ

ಇರಬಹುದು. ಕೇಳೋಣ ಅಂದೆ ಅಷ್ಟೇ.

ಶರಣಾರ್ಥಿ · ಬಾಗಲಕೋಟೆ

ದಾಸರ ಎಳೆಯೊಳಗ ವಚನ ತರ್ತಾನ ಅಂತ ಬೈಬ್ಯಾಡ್ರಿ. ಖಾರಪುಡಿ ಅಕ್ಕಾರ ಮಾತಿಗೆ ಒಂದು ನೆನಪಾತು.

ಕಲ್ಯಾಣದಾಗ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಅಂತ ಗಂಡ ಹೆಂಡ್ತಿ. ಅಂಗಳದಾಗ ಚೆಲ್ಲಿದ ಅಕ್ಕಿ ಆರಿಸಿ ತಂದು ದಾಸೋಹ ಮಾಡೂದು ಮಾರಯ್ಯನ ಕಾಯಕ. ಒಂದಿನ ದಿನಕ್ಕಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಕುಣಿದಾಡಲಿಲ್ಲ, "ಈಸಕ್ಕಿಯಾಸೆ ನಿಮಗೇಕೆ?" ಅಂತ ಕೇಳಿದ್ಲು. ಆಸೆ ಅನ್ನೂದು ಅರಸಗ ಇರತೈತಿ, ಶಿವಭಕ್ತರಿಗೆ ಇರತೈತೇನು ಅಂತ ಅಂದು ಹೆಚ್ಚಿನ ಅಕ್ಕಿ ತಿರುಗಿ ಸುರುವಿ ಬಾ ಅಂತ ಕಳಿಸಿದ್ಲು. ಅಂವ ಹೋದ. ಹೆಂಡ್ತಿ ಹೇಳಿದ್ದು ಕೇಳಿ ಹೋದ ಅನ್ನೂದು ನನಗ ಆ ಕಥಿಯೊಳಗ ಭಾಳ ಸೇರತೈತಿ.

ಇದನ್ನ ಯಾಕ ಹೇಳಿದ್ನಿ ಅಂದ್ರ, ನಾವು ಭಕ್ತಿಯನ್ನೂ ಹಿಂಗ ರಾಶಿ ಹಾಕಾಕ ಹತ್ತೀವಿ. ಇಷ್ಟು ಲಕ್ಷ ಜಪ ಆತು, ಇಷ್ಟು ಪಾರಾಯಣ ಆತು, ಮೊಬೈಲ್‌ನಾಗ ಎಣಿಸೂ ಆಪು ಬ್ಯಾರೆ. ಹೂಬುಟ್ಟಿ ಅಕ್ಕಾರ ಹೆದರಿಕೀನೂ ಅದss. ರಾಶಿ ಕರಗಾಕ ಹತ್ತೈತಿ ಅಂತ. ಲಕ್ಕಮ್ಮ ಇದ್ದಿದ್ರ ಏನಂತಿದ್ಲು?

ವ್ಯಾಸನತೋಳು · ಬೆಂಗಳೂರು

ಹರಿದಾಸ ಸಾಹಿತ್ಯಕ್ಕೂ ವಚನಕ್ಕೂ ಸಿದ್ಧಾಂತದಲ್ಲೇ ಅಜಗಜಾಂತರ. ಮಾಧ್ವ ಮತದ ತಾರತಮ್ಯ, ಪಂಚಭೇದ ಒಪ್ಪದವರ ಮಾತನ್ನ ಇಲ್ಲಿ ಬೆರೆಸೋದು

[ಈ ಬರಹದ ಉಳಿದ ಭಾಗ ತೆಗೆಯಲಾಗಿದೆ.]

ನಿರ್ವಾಹಕ

ಮತಸಿದ್ಧಾಂತದ ವಾದಕ್ಕೆ ಬೇರೆ ಎಳೆ ಇದೆ, ಅಲ್ಲಿಗೆ ಹೋಗಿ. ಇಲ್ಲಿ ಕೇಳಿರೋದು ಮನೆಯ ಪ್ರಶ್ನೆ.

ಅರೆಬರೆ ಆಸ್ತಿಕ · ವೈಟ್‌ಫೀಲ್ಡ್

ನಾನು ಪಾರಾಯಣ ಮಾಡೋನಲ್ಲ. ಗೀತೆ ಓದ್ತೀನಿ, ಅದೂ ಮೆಟ್ರೋದಲ್ಲಿ. ಹೂಬುಟ್ಟಿಯವರ ಪ್ರಶ್ನೆಗೆ 12ನೇ ಅಧ್ಯಾಯದಲ್ಲಿ ನೇರ ಉತ್ತರ ಇದೆ ಅಂತ ನನಗೆ ಅನ್ನಿಸುತ್ತೆ. 8ರಿಂದ 11ನೇ ಶ್ಲೋಕದವರೆಗೆ ನೋಡಿ.

ನನ್ನಲ್ಲೇ ಮನಸ್ಸು ನಿಲ್ಲಿಸು ಅಂತಾನೆ. ಆಗಲ್ವಾ, ಅಭ್ಯಾಸ ಮಾಡು. ಅದೂ ಆಗಲ್ವಾ, ನನಗೋಸ್ಕರ ಅಂತ ಕೆಲಸ ಮಾಡು. ಅದಕ್ಕೂ ಶಕ್ತಿ ಇಲ್ವಾ, ಮಾಡೋ ಕೆಲಸದ ಫಲವನ್ನಾದರೂ ಬಿಡು. ಮೂರು ಸಲ "ಆಗದಿದ್ದರೆ" ಅಂತಾನೆ, ಒಂದು ಸಲವೂ ಬೈಯಲ್ಲ. ಆಗೋದಿಲ್ಲ ಅನ್ನೋರಿಗೆ ಜಾಗ ಇಟ್ಟೇ ಬರೆದಿರೋ ಪುಸ್ತಕ ಇದು. ನಮ್ಮ ಮ್ಯಾನೇಜರ್‌ಗಳು ಓದಬೇಕು.

ಅದೇ ಅಧ್ಯಾಯದ 15ನೇ ಶ್ಲೋಕ ಇದೆಯಲ್ಲ, ಯಾರಿಂದ ಲೋಕಕ್ಕೆ ಕಿರಿಕಿರಿ ಇಲ್ಲವೋ, ಲೋಕದಿಂದ ಯಾರಿಗೆ ಕಿರಿಕಿರಿ ಇಲ್ಲವೋ ಅವನು ನನಗೆ ಇಷ್ಟ ಅಂತ. ಭಕ್ತನ ಲಕ್ಷಣ ಹೇಳುವಾಗ ಎಷ್ಟು ಹೊತ್ತು ಪೂಜೆ ಮಾಡ್ತಾನೆ ಅಂತ ಒಂದು ಮಾತೂ ಇಲ್ಲ. ಜೊತೆಗಿರೋರಿಗೆ ಅವನು ಹೇಗಿದ್ದಾನೆ, ಸುಖದುಃಖದಲ್ಲಿ ಹೇಗಿರ್ತಾನೆ ಅನ್ನೋದೇ ಹೆಚ್ಚು. ಈ ಅಳತೆಗೋಲು ಇಟ್ಟರೆ ನಮ್ಮ ತಾತನಂಥ ಮಹಾ ಕರ್ಮಠರು ಫೇಲ್. ಅವರು ಪೂಜೆಗೆ ಕೂತರೆ ಮನೆಯವರೆಲ್ಲ ತುದಿಗಾಲಲ್ಲಿ ನಿಲ್ಲಬೇಕಿತ್ತು. ಗಂಟೆ ಸದ್ದು ಕೇಳಿದರೆ ಇವತ್ತಿಗೂ ನಮ್ಮಪ್ಪ ಬೆಚ್ಚಿಬೀಳ್ತಾರೆ.

ಒಂದು ಸಂದೇಹ ಕೇಳ್ತೀನಿ, ಯಾರೂ ತಪ್ಪು ತಿಳೀಬೇಡಿ. ಈ ನಾಮಸ್ಮರಣೆಯಿಂದ ಆಗೋದು, ಮನಸ್ಸು ತಿಳಿಯಾಗೋದು, ಸಿಟ್ಟು ಇಳಿಯೋದು, ಇದೆಲ್ಲ ಉಸಿರಾಟದ ಧ್ಯಾನದಿಂದಲೂ ಆಗುತ್ತೆ ಅಂತಾರಲ್ಲ. ಹಾಗಾದರೆ ದೇವರು ಯಾಕೆ ಬೇಕು?

ತುಂಗಭದ್ರಾ ದಂಡಿ · ರಾಯಚೂರು

ತಮ್ಮಾ, ಪ್ರಶ್ನಾ ಭೇಷ್ ಅದ. ಸಿಟ್ಟು ಇಳೀಬೇಕು ಅಂತಷ್ಟ ಇದ್ರ ಉಸಿರು ಎಣಿಸಿದ್ರೂ ನಡೀತದ, ಸಂಜಿಮುಂದ ಕೆರಿ ದಂಡಿಗೆ ಅಡ್ಡಾಡಿದ್ರೂ ನಡೀತದ. ದಾಸರು ಆ ಆಶ್ವಾಸನಾನೇ ಕೊಟ್ಟಿಲ್ಲ. "ಅನುಗಾಲವು ಚಿಂತೆ ಜೀವಕೆ" ಅಂತ ಹಾಡಿದವರು ಅವರು. ಹೆಂಡ್ತಿ ಇದ್ರೂ ಚಿಂತಿ, ಇಲ್ಲದಿದ್ರೂ ಚಿಂತಿ. ಚಿಂತಿ ಹೋಗ್ತದ ಅಂತ ಸುಳ್ಳು ಹೇಳಲಿಲ್ಲ, ಮನಸ್ಸು ಶ್ರೀರಂಗನೊಳಗ ಮೆಚ್ಚೋತನಕ ಇದ್ದದ್ದ ಅಂದ್ರು.

ಭಕ್ತಿಯೊಳಗ ಎದುರಿಗೆ ಒಬ್ಬ ಇರ್ತಾನ. ಬೈಲಿಕ್ಕೆ, ಬೇಡಲಿಕ್ಕೆ, ಜಗಳಾಡಲಿಕ್ಕೆ, ಮುನಿಸಿಕೊಳ್ಳಲಿಕ್ಕೆ. ದಾಸರ ಪದದೊಳಗ ನಿಂದಾಸ್ತುತಿ, ಅಂದ್ರ ಬೈದಂಗ ಮಾಡಿ ಹೊಗಳೋದು, ಎಷ್ಟಾವ ನೋಡ್ರಿ. ಉಸಿರಿನ ಮ್ಯಾಲೆ ಮುನಿಸಿಕೊಳ್ಳಲಿಕ್ಕೆ ಬರ್ತದೇನು?

ಹೂಬುಟ್ಟಿ ತಂಗಿ ಸಿಡುಕು ಅಂದ್ರಲ್ಲ, ಅದನ್ನ ಅವನ ಮುಂದ ಸುರುವಿಬಿಡ್ರಿ. ಅತ್ತಿ ಮುಂದ ಸುರುವಬ್ಯಾಡ್ರಿ ಅಷ್ಟ. ಮದ್ದು ಹಾಕಿ ಮೈ ಒರೆಸುವಾಗ "ನನಗ ಸಾಕಾಗೇದ ನೋಡೋ ಮಹಾರಾಯಾ" ಅಂದ್ರ ಅದೂ ಸ್ಮರಣಿನ. ಮೋಸ ಯಾವಾಗ ಆಗ್ತದಂದ್ರ, ಒಳಗ ಕುದಿಲಿಕತ್ತಿರಬೇಕು, ಹೊರಗ ದೀಪ ಹಚ್ಚಿ ನಗುಮುಖ ತೋರಿಸಬೇಕು. "ಉದರ ವೈರಾಗ್ಯವಿದು" ಪದದೊಳಗ ಬೈದದ್ದು ಅದನ್ನ. ಚಳಿಯೊಳಗ ಗಡಗಡ ನಡುಗಿ ನದಿಯೊಳಗ ಮುಳುಗಿ, ಬಾಜೂಕಿದ್ದವರಿಗೆ ಅಬ್ಬಬ್ಬಾ ಅನಿಸೋದು, ಕಂಚುಗಾರನ ಅಂಗಡಿ ಹಂಗ ವಿಗ್ರಹ ಸಾಲು ಹಚ್ಚಿ ದೀಪದ ಜಾತ್ರಿ ಮಾಡೋದು. ದಾಸರು ಈಗ ಇದ್ದಿದ್ರ ವಾಟ್ಸಾಪ್ ಸ್ಟೇಟಸ್ ನೋಡಿ ಇನ್ನೆರಡು ನುಡಿ ಸೇರಿಸ್ತಿದ್ರು.

ಮರಳುಗಾಡಿನ ಮಲೆನಾಡಿಗ · ಮಸ್ಕತ್

ನಾನು ಇಲ್ಲಿ ಆಸ್ಪತ್ರೆಯಲ್ಲಿ ನರ್ಸ್. ಊರು ತೀರ್ಥಹಳ್ಳಿ ಕಡೆ. ಭಕ್ತಿ ಬಗ್ಗೆ ದೊಡ್ಡವರು ಹೇಳಿಯಾಯ್ತು, ನಾನು ಹಾಸಿಗೆ ಬಗ್ಗೆ ಹೇಳ್ತೀನಿ.

ಹೂಬುಟ್ಟಿ ಮೇಡಂ, ಅತ್ತೆಯವರನ್ನ ಹೆಚ್ಚುಕಡಿಮೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸ್ತಿದ್ದೀರಾ? ಇಲ್ಲಾಂದ್ರೆ ಹಾಸಿಗೆ ಹುಣ್ಣು ಆಗುತ್ತೆ, ಆದರೆ ಮಾಯೋದು ಬಹಳ ಕಷ್ಟ. ಸೊಂಟದ ಹಿಂದೆ, ಹಿಮ್ಮಡಿ, ಹಿಂತಲೆ, ಈ ಜಾಗಗಳನ್ನ ದಿನಾ ನೋಡಿ. ಕೆಂಪಗಾಗಿ, ಬೆರಳಿಂದ ಒತ್ತಿದರೂ ಬಿಳಿಯಾಗದಿದ್ದರೆ ಡಾಕ್ಟರಿಗೆ ತೋರಿಸಿ. ಆ ಕೆಂಪು ಜಾಗವನ್ನ ತಿಕ್ಕಬೇಡಿ. ಗಂಜಿ ಕುಡಿಸುವಾಗ ತಲೆ ಎತ್ತರ ಇರಲಿ, ಮಲಗಿಸಿ ಕುಡಿಸಿದರೆ ಶ್ವಾಸಕ್ಕೆ ಹೋಗುತ್ತೆ. ಲಕ್ವ ಆದವರಿಗೆ ನುಂಗೋದು ಕಷ್ಟ ಇರುತ್ತೆ.

ಇನ್ನು ಹಾಡಿನ ವಿಷಯ. ನೈಟ್ ಡ್ಯೂಟಿಯಲ್ಲಿ ಮಗ್ಗುಲು ಬದಲಿಸೋ ಹೊತ್ತಿಗೆ ನಾನು "ತಲ್ಲಣಿಸದಿರು ಕಂಡ್ಯ ತಾಳು ಮನವೇ" ಗುನುಗ್ತೀನಿ. ಪೇಷಂಟಿಗೆ ಅರ್ಥ ಆಗಲ್ಲ, ಅವರು ಅರಬ್ಬೀ ಮಾತಾಡೋರು. ಆದರೆ ಗುನುಗ್ತಾ ಇದ್ದರೆ ಕೈ ಅವಸರ ಮಾಡಲ್ಲ. ಬಾಯಿ ಮುಚ್ಚಿಕೊಂಡು ಮಾಡಿದ ದಿನ ಚಾದರ ಎಳೆಯೋ ರೀತೀನೇ ಬೇರೆ ಇರುತ್ತೆ. ಇದು ಆಧ್ಯಾತ್ಮವೋ ಅಲ್ವೋ ಗೊತ್ತಿಲ್ಲ, ಪೇಷಂಟಿಗೆ ಅದರ ವ್ಯತ್ಯಾಸ ಗೊತ್ತಾಗುತ್ತೆ. ಕನಕದಾಸರು ಬೆಟ್ಟದ ತುದಿಯ ಮರಕ್ಕೆ ಕಟ್ಟೆ ಕಟ್ಟಿ ನೀರೆರೆದವರು ಯಾರು ಅಂತ ಕೇಳ್ತಾರಲ್ಲ, ಆ ನುಡಿ ಬಂದಾಗ ನನಗೆ ಊರು ನೆನಪಾಗುತ್ತೆ, ಅದು ಬೇರೆ ಮಾತು.

ಕೊನೇದು, ಇದು ಕೆಲಸದ ಅನುಭವದ ಮೇಲೆ ಹೇಳೋದು: ಒಬ್ಬರೇ ನೋಡಿಕೊಂಡರೆ ಯಾರೇ ಆದರೂ ಸಿಡುಕ್ತಾರೆ. ಅದು ಭಕ್ತಿ ಕಡಿಮೆ ಆಗಿದ್ದಕ್ಕಲ್ಲ, ನಿದ್ದೆ ಕಡಿಮೆ ಆಗಿದ್ದಕ್ಕೆ. ಆಸ್ಪತ್ರೆಯಲ್ಲಿ ನಮಗೆ ಶಿಫ್ಟ್ ಇರೋದು ಅದಕ್ಕೇ. ಮನೆಯಲ್ಲೂ ಶಿಫ್ಟ್ ಮಾಡಿ.

ಕಡಲಕರೆ · ಉಡುಪಿ

ಖಾರಪುಡಿಯವರೇ, ಮೊದಲು ಓದಿದಾಗ ಸಿಟ್ಟು ಬಂದದ್ದು ಹೌದು. ಆಮೇಲೆ ಮನೆಯವಳಿಗೆ ಓದಿ ಹೇಳಿದೆ. ಅವಳು ಏನೂ ಹೇಳ್ಲಿಲ್ಲ, ಸ್ಟೀಲ್ ಡಬ್ಬಿಯ ಮುಚ್ಚಳ ಸ್ವಲ್ಪ ಜೋರಾಗಿ ಮುಚ್ಚಿದಳು. ಸಾಕಾಯ್ತು ನನಗೆ.

ಆದ್ರೆ ಪುಂಡಲೀಕ ಮಗ ಅಂತ ನೀವು ಹೇಳಿದ್ದು ವಾದಕ್ಕೆ ಮಾತ್ರ ಅಲ್ಲ, ಕಥೆಗೂ ಸರಿಯೇ. ಅವನು ಮೊದಲಿಗೆ ತಂದೆತಾಯಿಯನ್ನು ಕಡೆಗಣಿಸಿದವ, ಆಮೇಲೆ ಬದಲಾದವ ಅಂತಲೇ ನಮ್ಮಲ್ಲಿ ಹರಿಕಥೆಯವರು ಹೇಳುವುದು. ದೇವರು ನಿಂತು ಕಾದದ್ದು ಆ ಬದಲಾದ ಮಗನಿಗೆ.

ಹೂಬುಟ್ಟಿ · ಮೈಸೂರು

ಇಷ್ಟೊಂದು ಉತ್ತರ ಬರುತ್ತೆ ಅಂದುಕೊಂಡಿರಲಿಲ್ಲ. ತಡವಾಗಿ ಬರೀತಿದ್ದೀನಿ, ಮಾರ್ಚ್ ಬೇರೆ, ಬ್ಯಾಂಕಿನವರಿಗೆ ಗೊತ್ತು ಅದರ ಕಷ್ಟ.

ಯಜಮಾನರು ಊರಲ್ಲೇ ಇದ್ದಾರೆ, ಆರೋಗ್ಯವಾಗೇ ಇದ್ದಾರೆ. ಕೆಟ್ಟವರಲ್ಲ. "ನನಗೆ ಅಮ್ಮನ್ನ ಆ ಸ್ಥಿತಿಯಲ್ಲಿ ನೋಡೋಕಾಗಲ್ಲ" ಅಂತಾರೆ. ಹೊರಗಿನ ಓಡಾಟ, ಔಷಧಿ, ಡಾಕ್ಟರ್ ಎಲ್ಲ ಅವರದೇ. ಆದರೆ ಒಳಗಿನ ಕೆಲಸ ಪೂರ್ತಿ ನಂದು. ಇಷ್ಟು ದಿನ ಇದನ್ನ ನಾನು ಹಾಗೆ ವಿಂಗಡಿಸಿ ನೋಡಿರಲಿಲ್ಲ. ಖಾರಪುಡಿಯವರ ಬರಹವನ್ನ ಅವರಿಗೆ ತೋರಿಸೋ ಧೈರ್ಯ ಬರಲಿಲ್ಲ, ಕಡಲಕರೆಯವರದನ್ನ ತೋರಿಸಿದೆ. ಪಂಢರಾಪುರಕ್ಕೆ ಹೋಗಿಬಂದಿರೋ ಮನುಷ್ಯ ಅವರು, ಪುಂಡಲೀಕನ ಕಥೆ ನನಗಿಂತ ಚೆನ್ನಾಗಿ ಗೊತ್ತು. ಓದಿ ಸುಮ್ಮನಾದರು. ಮಾರನೇ ರಾತ್ರಿ ಮಗ್ಗುಲು ಬದಲಿಸೋಕೆ ತಾವೇ ಎದ್ದರು. ಬಟ್ಟೆ ಬದಲಿಸೋದು ಇನ್ನೂ ನಂದೇ. ಅಮ್ಮನಿಗೂ ಮಗನ ಕೈಯಲ್ಲಿ ಅದಕ್ಕೆ ಸಂಕೋಚ, ಅದು ನನಗೂ ಅರ್ಥ ಆಗುತ್ತೆ. ರಾತ್ರಿ ನಿದ್ದೆ ಸಿಗ್ತಿದೆ. ಅರ್ಧ ಸಿಡುಕು 'ಆಧ್ಯಾತ್ಮಿಕ' ಸಮಸ್ಯೆ ಆಗಿರಲೇ ಇಲ್ಲ ಅಂತ ಕಾಣುತ್ತೆ.

ಮಸ್ಕತ್‌ನವರಿಗೆ: ಹಿಮ್ಮಡಿ ನೋಡಿರಲಿಲ್ಲ, ಈಗ ನೋಡ್ತಿದ್ದೀವಿ. ತುಂಬಾ ಉಪಕಾರ ಆಯ್ತು.

ಕರುಣಾ ಸಂಧಿಯನ್ನ ಮೈ ಒರೆಸುವಾಗ ಬಾಯಿಬಿಟ್ಟು ಹೇಳೋಕೆ ಶುರು ಮಾಡಿದ್ದೀನಿ. ಅತ್ತೆಗೆ ಮಾತು ಸರಿಯಾಗಿ ಬರಲ್ಲ, ತೊದಲುತ್ತೆ. ಮೊನ್ನೆ ಒಂದು ಪದ್ಯದಲ್ಲಿ ಸಾಲು ಹಾರಿಸಿಬಿಟ್ಟೆ, ಬಲಗೈ ಎತ್ತಿ ಬೇಡ ಬೇಡ ಅನ್ನೋ ಹಾಗೆ ಆಡಿಸಿದರು. ನೀರು ಬಿಸಿಯಾಯ್ತೇನೋ ಅಂತ ನಾನು. ಆಮೇಲೆ ಗೊತ್ತಾಯ್ತು. ಅವರ ತವರು ದಾಸರ ಪದಗಳ ಮನೆ, ನನಗಿಂತ ಮೂವತ್ತು ವರ್ಷ ಮೊದಲೇ ಕಲಿತವರು, ನನಗೆ ಹೇಳೇ ಇರಲಿಲ್ಲ.

ಇನ್ನೂ ಒಂದು ಉಳಿದಿದೆ. ತಾಳತಂಬೂರಿಯವರು ಹೇಳಿದ ಒಂದು ಪದ್ಯದ ನೇಮ ಹಿಡಿದಿದ್ದೀನಿ, ಗ್ಯಾಸ್ ಹಚ್ಚೋ ಮೊದಲು. ನಡೀತಿದೆ. ಆದರೆ ಮಂಡಳಿ ತಪ್ಪಿದ್ದು ತಪ್ಪಿದ್ದೇ. ಒಬ್ಬಳೇ ಹೇಳೋದಕ್ಕೂ ಹತ್ತು ಜನ ತಾಳ ಹಾಕೋದಕ್ಕೂ ವ್ಯತ್ಯಾಸ ಇದೆ. ಆ ಸದ್ದು ಬೇಕು ಅನ್ನಿಸುತ್ತೆ.

ಅರೆಬರೆ ಆಸ್ತಿಕ · ವೈಟ್‌ಫೀಲ್ಡ್

ರಾಯಚೂರಿನ ಸರ್, "ಉಸಿರಿನ ಮೇಲೆ ಮುನಿಸಿಕೊಳ್ಳೋಕೆ ಬರುತ್ತಾ" ಅಂದಿದ್ದಕ್ಕೆ ಉತ್ತರ ಹೊಳೆದಿಲ್ಲ ಇನ್ನೂ. ಪೂರ್ತಿ ಒಪ್ಪಿದೆ ಅಂತಲ್ಲ. ಯೋಚನೆ ಮಾಡ್ತಿದ್ದೀನಿ.

ಅಂದಹಾಗೆ ನಮ್ಮಂಥ ಆಫೀಸಿನವರಿಗೆ ಯಾವ ದಾಸರ ಪದ ಹೇಳ್ತೀರಿ?

ಕಡಲಕರೆ · ಉಡುಪಿ

ಪದ ಯಾಕೆ, ಕನಕದಾಸರ ಬಾಳೆಹಣ್ಣೇ ಸಾಕು. ಒಂದು ದಿನ ಗುರು ವ್ಯಾಸರಾಯರು ಎಲ್ಲ ಶಿಷ್ಯರಿಗೂ ಹಣ್ಣು ಕೊಟ್ಟು ಯಾರೂ ನೋಡದ ಜಾಗದಲ್ಲಿ ತಿಂದು ಬನ್ನಿ ಅಂದರಂತೆ. ಕನಕದಾಸರು ಮಾತ್ರ ಹಣ್ಣು ಹಾಗೆಯೇ ತಂದರು, ಅಂಥ ಜಾಗವೇ ಸಿಗ್ಲಿಲ್ಲ ಅಂತ. ಮನೆಯಿಂದ ಕೆಲಸ ಮಾಡುವವರು ಲ್ಯಾಪ್‌ಟಾಪ್ ಮೌಸ್ ಅಲ್ಲಾಡಿಸಿ ಇಟ್ಟು ಮಲಗುವುದುಂಟಲ್ಲ, ಅವರಿಗೆ.

ಅರೆಬರೆ ಆಸ್ತಿಕ · ವೈಟ್‌ಫೀಲ್ಡ್

ಯಾರೋ ನನ್ನ ಬಗ್ಗೆ ಹೇಳಿದಾರೆ ಇವರಿಗೆ.

ತುಂಗಭದ್ರಾ ದಂಡಿ · ರಾಯಚೂರು

"ಆಚಾರವಿಲ್ಲದ ನಾಲಿಗೆ" ಮಧ್ಯಾಹ್ನ ಊಟದ ಡಬ್ಬಿ ಬಿಚ್ಚೋ ಹೊತ್ತಿಗೆ ನೆನಪಿಟ್ಟುಕೊಳ್ಳಪ್ಪ. ಮನಿಯೊಳಗ ಚಾತುರ್ಮಾಸ್ಯ ಅಂತ ಒಂದು ತಿಂಗಳು ಕಾಯಿಪಲ್ಲೆ, ಒಂದು ತಿಂಗಳು ಮೊಸರು, ಒಂದು ತಿಂಗಳು ಹಾಲು, ಒಂದು ತಿಂಗಳು ಬ್ಯಾಳಿ ಬಿಡ್ತೀವಿ. ನಾಲಿಗಿಗೆ ರುಚಿ ಬಿಡಿಸಿದ್ದಾಯ್ತು, ಚಾಡಿ ಬಿಡಿಸೋ ತಿಂಗಳು ಪಂಚಾಂಗದಾಗ ಇಲ್ಲ. ನಾ ಮನಿಮಂದಿಗೆ ಹೇಳ್ತಿರ್ತೀನಿ, ಯಾರೂ ಕೇಳಂಗಿಲ್ಲ.

ಹೂಬುಟ್ಟಿ ತಂಗಿ, ಅತ್ತಿಯವರು ಸಾಲು ಹಿಡಿದದ್ದು ಓದಿ ಭಾಳ ಸಂತೋಷ ಆತು. ನಿಮ್ಮ ಮನಿಯೊಳಗ ಗುರು ಮಂಚದ ಮ್ಯಾಲೇ ಇದ್ರು ಅಂದಂಗಾತು. ಬರೀ ಸೇವಾ ಮಾಡಿಸ್ಕೊಳ್ಳೋದಾದ್ರ ಮಲಗಿದವರಿಗೂ ಜೀವಾ ಸಣ್ಣದಾಗ್ತದ. ಇನ್ನೊಂದು ಸಂಧಿ ತಪ್ಪು ಹೇಳಿ ನೋಡ್ರಿ, ಬೇಕಂತಲೇ.

ತಾಳತಂಬೂರಿ · ಮೈಸೂರು

ಹೂಬುಟ್ಟಿಯವರೇ, ನಮ್ಮ ಮಂಡಳಿಯಲ್ಲಿ ನಿನ್ನೆ ಈ ವಿಷಯ ತೆಗೆದೆ (ಊರು, ಹೆಸರು ಏನೂ ಹೇಳಿಲ್ಲ). ಮನೆ ಬಿಟ್ಟು ಬರಲಾಗದವರ ಮನೆಗೆ ನಾವೇ ಯಾಕೆ ಹೋಗಬಾರದು ಅಂತ ಹೆಂಗಸರೇ ಕೇಳಿದರು. ಪುಷ್ಯ ಅಮಾವಾಸ್ಯೆಗೆ ಪುರಂದರದಾಸರ ಆರಾಧನೆ ಅಂತ ಬೀದಿ ಬೀದಿ ಭಜನೆ ಹೋಗ್ತೀವಿ, ದಾಸರು ಹೋಗಿದ್ದೂ ಮನೆಮನೆಗೇ ಅಲ್ವಾ, ತಂಬೂರಿ ಹಿಡಿದು. ನಾವು ಅವರನ್ನ ಸಭಾಂಗಣಕ್ಕೆ ಸೇರಿಸಿಬಿಟ್ಟಿದ್ದೀವಿ.

ನಿಮಗೆ ಒಪ್ಪಿಗೆ ಇದ್ದರೆ ಖಾಸಗಿಯಾಗಿ ವಿಳಾಸ ಕಳಿಸಿ. ಶನಿವಾರ ಸಂಜೆ, ಆರೇಳು ಜನ, ಒಂದು ಗಂಟೆ. ಮೈಕ್ ಇಲ್ಲ. ಅತ್ತೆಯವರ ಕೋಣೆಯಲ್ಲೇ ಕೂರ್ತೀವಿ, ಜಾಗ ಇಲ್ಲದಿದ್ದರೆ ಬಾಗಿಲ ಹೊರಗೆ ನಿಲ್ತೀವಿ.

ಹೂಬುಟ್ಟಿ · ಮೈಸೂರು

ಖಂಡಿತ ಕಳಿಸ್ತೀನಿ. ಅತ್ತೆಗೆ ಈಗಲೇ ಹೇಳ್ತೀನಿ. ಕೋಣೆ ಚಿಕ್ಕದು, ಆದರೂ ಬನ್ನಿ.

ಖಾರಪುಡಿ · ದಾವಣಗೆರೆ

ಒಳ್ಳೇದಾಯ್ತು. ಆರೇಳು ಜನಕ್ಕೆ ಕಾಫಿ ಯಾರು ಮಾಡ್ತಾರೆ ಅಂತ ಈಗಲೇ ತೀರ್ಮಾನ ಮಾಡಿ, ಶನಿವಾರ ಸಂಜೆ ಅಲ್ಲ. ಪಂಢರಾಪುರಕ್ಕೆ ಹೋಗಿಬಂದವರಿಗೆ ಫಿಲ್ಟರಿಗೆ ಪುಡಿ ಹಾಕೋಕೆ ಬರುತ್ತಾ?

ಹೂಬುಟ್ಟಿ · ಮೈಸೂರು

ಬರುತ್ತೆ. ಡಿಕಾಕ್ಷನ್ ನನಗಿಂತ ಗಟ್ಟಿಯಾಗಿ ಇಳಿಸ್ತಾರೆ. ಪಾತ್ರೆ ತೊಳೆಯೋದರ ಬಗ್ಗೆ ಮಾತುಕತೆ ನಡೀತಿದೆ.